ತೂಬು ಎತ್ತುವ ದಿನ

ನದಿಯೊಂದರ ತಗ್ಗಿನಲ್ಲಿ ಮೃಗಗಳ ನಗರವಿತ್ತು. ಅಲ್ಲಿ ಸುದ್ದಿಗೆ ಬರವಿರಲಿಲ್ಲ. ಸುದ್ದಿಯಿಂದ ಬಿಡುವಿರಲಿಲ್ಲ ಎನ್ನುವುದೇ ಸರಿ. ಮರಮರದಲ್ಲೂ ಗೊರವಂಕಗಳು ಕುಳಿತು, ಯಾರೂ ಕೇಳುವ ಮೊದಲೇ ಅರಸನ ಆಜ್ಞೆಯನ್ನು ಸಾರುತ್ತಿದ್ದವು. ಯಾವ ಮರದಡಿ ಹೆಚ್ಚು ಮಂದಿ ನೆರೆಯುತ್ತಾರೋ ಆ ಮರದ ಗೊರವಂಕಕ್ಕೆ ಇನ್ನೂ ಎತ್ತರದ ಕೊಂಬೆ. ಎಲ್ಲವುಗಳ ಎದೆಯ ಮೇಲೂ ಕೆಮ್ಮಣ್ಣಿನ ರಾಜಮುದ್ರೆ. ಮಾತು ಎಲ್ಲಿಂದ ಬಂತೆಂದು ಕೇಳದೆ, ಹೇಳಿದವರ ಎದೆಯನ್ನಷ್ಟೇ ನೋಡಿ ನಂಬುವುದು ಆ ನಗರದ ರೂಢಿ. ಕೆಮ್ಮಣ್ಣಾದರೋ ನದಿಯ ದಡದಲ್ಲಿ ಯಾರಿಗೆ ಬೇಕಾದರೂ ಸಿಗುತ್ತಿತ್ತು.

ಆ ವರ್ಷ ಮೇಲಿನ ಕಟ್ಟೆಯ ತೂಬನ್ನು ಎತ್ತುತ್ತಾರೆಂದೂ ತಗ್ಗಿನ ಬಿಲಗಳೆಲ್ಲ ಮುಳುಗುತ್ತವೆಂದೂ ಮಾತು ಹಬ್ಬಿತು. ಅಲ್ಲಿ ವಾಸವಾಗಿದ್ದ ಮುಂಗುಸಿಯೊಂದಕ್ಕೆ ಇನ್ನೂ ಕಣ್ಣು ತೆರೆಯದ ಮರಿಗಳಿದ್ದವು. ಬೇಗನೆ ಗುಡ್ಡಕ್ಕೆ ಒಯ್ದರೆ ಹದ್ದು ಬಿಡದು. ತಡವಾದರೆ ನೀರು ಬಿಡದು. ತೂಬು ಎತ್ತುವ ದಿನ ಯಾವುದೆಂದು ಅದಕ್ಕೆ ತಿಳಿಯಲೇಬೇಕಿತ್ತು.

"ನಾಳೆಯೇ! ಕಟ್ಟು ಗಂಟುಮೂಟೆ!" ಎಂದಿತು ಹುಣಸೆಮರದ ಗೊರವಂಕ.

"ಈ ವರ್ಷ ಎತ್ತುವುದೇ ಇಲ್ಲ, ಹೋಗಿ ಮಲಗವ್ವ" ಎಂದಿತು ಬೇವಿನಮರದ್ದು.

"ಹಿಡಿ ಕಾಳು ತಾ, ಮುಳುಗದ ಬಿಲಗಳ ಸಾಲಿಗೆ ನಿನ್ನದನ್ನೂ ಸೇರಿಸುತ್ತೇನೆ" ಎಂದಿತು ಇನ್ನೊಂದು.

ನೆರೆಯ ಮೊಲ ನಿಟ್ಟುಸಿರಿಟ್ಟಿತು. "ಎಲ್ಲರೂ ಮುದ್ರೆಯವರೇ ಅಕ್ಕ. ನಿನಗೆ ಹಿತವಾದದ್ದನ್ನು ನಂಬು."

ಹಿತವಾದದ್ದನ್ನು ನಂಬಿ ಮಲಗುವುದು ಮುಂಗುಸಿಗೆ ಆಗಲಿಲ್ಲ. ಅದು ಅರಮನೆಯ ಗೋಪುರವನ್ನು ಹತ್ತಿತು. ಮೆಟ್ಟಿಲುಗಳ ಮೇಲೆ ಹುಲ್ಲು ಬೆಳೆದಿತ್ತು. ತುದಿಯಲ್ಲಿ ಆಜ್ಞೆಗಳನ್ನು ಕಾಯುವ ಕೊಕ್ಕರೆ ಒಂಟಿಕಾಲಿನಲ್ಲಿ ನಿಂತಿತ್ತು. ಅದರ ಎದೆ ಬರಿದಾಗಿತ್ತು.

"ನಿನ್ನ ಮುದ್ರೆಯೆಲ್ಲಿ?"

"ನಾನು ಯಾರೆಂದು ಅರಸನಿಗೆ ಗೊತ್ತಿದೆ. ಪ್ರಶ್ನೆ ಕೇಳು."

"ನಮ್ಮ ಬಿಲಕ್ಕೆ ನೀರು ಎಂದು ನುಗ್ಗುತ್ತದೆ?"

"ಬಿಲಗಳ ಕುರಿತು ಆಜ್ಞೆಯಿಲ್ಲ."

"ನೀರು ಎಂದು ಬಿಡುತ್ತಾರೆ?"

"ನೀರಿನ ಕುರಿತೂ ಇಲ್ಲ."

ಮುಂಗುಸಿಗೆ ರೇಗಿತು. "ಮಹಾರಾಯ, ನನ್ನ ಮಕ್ಕಳ ಪ್ರಾಣದ ಮಾತು! ಆ ತೂಬನ್ನಾದರೂ ಎತ್ತುತ್ತಾರೋ ಇಲ್ಲವೋ?"

"ತೂಬನ್ನು ಹುಣ್ಣಿಮೆಯ ಮರುದಿನ ಎತ್ತತಕ್ಕದ್ದು. ತೂಬು ಎಂದೇ ಮೊದಲು ಕೇಳಬಾರದಿತ್ತೇ? ಇದು ಇಂದಿನ ಆಜ್ಞೆ. ಬದಲಾದರೆ, ಬಂದು ಕೇಳಿದವರಿಗೆ ಹೇಳುತ್ತೇನೆ."

"ನೀನೇ ಇಳಿದು ಬಂದು ಹೇಳಿದರೆ?"

"ಇಳಿಯಲು ಆಜ್ಞೆಯಿಲ್ಲ."

ಹುಣ್ಣಿಮೆಯ ಹೊತ್ತಿಗೆ ಮರಿಗಳು ಕಣ್ಣು ತೆರೆದಿರುತ್ತವೆ. ಮುಂಗುಸಿ ಓಡೋಡಿ ಬಂದು ತಗ್ಗಿಗೆಲ್ಲ ಸುದ್ದಿ ಹೇಳಿತು. ಮೊಲ ಅದರ ಎದೆಯನ್ನೇ ದಿಟ್ಟಿಸಿತು.

"ಮುದ್ರೆ?"

"ಗೋಪುರದಿಂದಲೇ ತಂದ ಮಾತು ಕಣೋ!"

"ಎಲ್ಲರೂ ಹಾಗೇ ಹೇಳುತ್ತಾರಕ್ಕ."

ನೆರೆಹೊರೆಯ ಬಿಲಗಳಲ್ಲೂ ಮರಿಗಳಿದ್ದವು. ನಿಜವನ್ನೇ ಹೇಳುವಾಗ ಮುದ್ರೆಯೊಂದು ಸುಳ್ಳಾದರೆ ತಪ್ಪೇನೆಂದು ಮುಂಗುಸಿ ದಡಕ್ಕೆ ಹೋಗಿ ಎದೆಗೆ ಕೆಮ್ಮಣ್ಣು ಒತ್ತಿಕೊಂಡಿತು. ಕೂಡಲೇ ಎಲ್ಲರೂ ನಂಬಿದರು. ಮಂದಿ ಅತ್ತ ನೆರೆದದ್ದನ್ನು ಕಂಡ ಗೊರವಂಕಗಳು ತಮ್ಮ ಹಳೆಯ ಮಾತುಗಳನ್ನು ಬಿಟ್ಟು ಇದನ್ನೇ ಹಿಡಿದವು.

ಆದರೂ ಮುಂಗುಸಿಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಹುಣ್ಣಿಮೆ ಇನ್ನೂ ದೂರವಿದ್ದಾಗಲೇ ಒಂದು ಬೆಳಗ್ಗೆ ಮತ್ತೆ ಗೋಪುರದ ಹಾದಿ ಹಿಡಿಯಿತು. ಅರ್ಧದಾರಿಯಲ್ಲಿ ಹುಣಸೆಮರ ಕೂಗಿತು: "ಹುಣ್ಣಿಮೆಯ ಮರುದಿನ!" ಬೇವಿನಮರ ಅದನ್ನೇ ಕೂಗಿತು. ನಗರವೆಲ್ಲ ಒಂದೇ ದನಿಯಾಗಿತ್ತು. ಇಷ್ಟು ಬಾಯಿಗಳು ಒಟ್ಟಿಗೆ ತಪ್ಪುವುದುಂಟೇ ಎಂದುಕೊಂಡ ಮುಂಗುಸಿಗೆ ಎಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು. ಅದು ಅಲ್ಲಿಂದಲೇ ಹಿಂದಿರುಗಿತು.

ಕೊಕ್ಕರೆಯ ಬಳಿ ಅಂದು ಹೊಸ ಆಜ್ಞೆಯಿತ್ತು. ಕೇಳುವವರು ಬಾರದೆ ಹೋದುದರಿಂದ ಅದು ಕಾಲು ಬದಲಿಸಿ ನಿಂತಿತು.

"ಗೋಪುರಕ್ಕೆ ಹೋಗಿದ್ದೆಯಾ ಅಕ್ಕ? ಏನಂತೆ?" ಎಂದು ಮೊಲ ಕೇಳಿತು.

"ಅದೇ ಮಾತು" ಎಂದು ಮುಂಗುಸಿ ಬಿಲದೊಳಗೆ ನುಸುಳಿತು. ಮರಿಯೊಂದರ ರೆಪ್ಪೆ ಆಗಷ್ಟೇ ಸಡಿಲಗೊಳ್ಳುತ್ತಿತ್ತು. ಅದನ್ನು ನೆಕ್ಕುತ್ತ ಮುಂಗುಸಿ ನಿಶ್ಚಿಂತೆಯಿಂದ ಮಲಗಿತು. ನದಿಯ ಮೇಲ್ಗಡೆ, ಅರಸನ ಆನೆಗಳು ತೂಬಿನ ಹಲಗೆಗೆ ಹೆಗಲು ಕೊಟ್ಟಿದ್ದವು.