ರಾಣಿಯ ಸಖಿಯರಲ್ಲೊಬ್ಬಳು

ನಮ್ಮ ಅತ್ತೆ ಮಹಾದೇವಮ್ಮನವರಿಗೆ ತಮಿಳಿನ ಗಂಧಗಾಳಿಯೂ ಇಲ್ಲ. ಆದರೂ ಎಲ್ಲಾದರೂ ಹಳೆಯ ತಮಿಳು ಸಿನಿಮಾ ಸಿಕ್ಕಿತೆಂದರೆ ಮುಗಿಯಿತು, ನಾಗಪುರದ ಬಿಸಿಲಿನಲ್ಲಿ ಕೂಲರ್ ಕೆಟ್ಟರೂ ಟಿವಿ ಮುಂದಿನಿಂದ ಏಳುವವರಲ್ಲ.

ಕಾರಣ ಅವರ ಅವ್ವ. ಗದಗಿನ ನಾಟಕ ಕಂಪನಿಯಲ್ಲಿದ್ದ ಆಕೆ ಮದರಾಸಿಗೆ ಹೋಗಿ, ಬಾರದ ತಮಿಳಿನಲ್ಲಿ ಒಂದೇ ಒಂದು ಸಿನಿಮಾ ಮಾಡಿದ್ದಳು. ರಾಣಿಯ ಸಖಿಯ ಪಾತ್ರ. ಆಮೇಲೆ ಮದುವೆ, ಮಗಳು. ಮಗಳು ಹಾಲು ಬಿಡುವ ಮೊದಲೇ ಆಕೆ ತೀರಿಕೊಂಡಳು. ಒಂದು ಫೋಟೋ ಕೂಡ ಉಳಿದಿಲ್ಲ. ಆ ಕಾಲದ ತಮಿಳು ಸಿನಿಮಾಗಳಾದರೂ ಉಳಿದವೆ? ಎಷ್ಟೋ ರೀಲುಗಳು ಸುಟ್ಟುಹೋದವು, ಎಷ್ಟನ್ನೋ ಬೆಳ್ಳಿಯ ಆಸೆಗೆ ಕರಗಿಸಿದರಂತೆ. ಎಂಬತ್ತು ದಾಟಿದ ಅತ್ತೆಗೆ ಹೆತ್ತವ್ವನ ಮುಖವೇ ಗೊತ್ತಿಲ್ಲ. ಅದು ನೆನಪಾದಾಗ ಅವರ ಮೇಲಿನ ನನ್ನ ಸಿಟ್ಟೆಲ್ಲ ಇಳಿದುಹೋಗುತ್ತದೆ. ಅದೇನು ಸಣ್ಣ ಸಿಟ್ಟಲ್ಲ.

ಕಳೆದ ಭಾನುವಾರ ನನ್ನ ಮಗ ನಿಖಿಲ್ ಕೂಗಿದ. "ಆಜಿ, ಜಲ್ದಿ ಬಾ! ನಿನ್ನ ಅವ್ವನ ಸಿನಿಮಾ ಸಿಕ್ತು!"

ಯಾರೋ ಪುಣ್ಯಾತ್ಮರು ಅದರದೊಂದು ತುಣುಕನ್ನು ಇಂಟರ್‌ನೆಟ್ಟಿಗೆ ಹಾಕಿದ್ದರು. ನಿಖಿಲ್ ಅಜ್ಜಿಯ ಮಂದ ಕಿವಿಗೆಂದೇ ಸೀತಾಬರ್ಡಿ ಪೇಟೆಯಿಂದ ತಂದಿದ್ದ ಸ್ಪೀಕರನ್ನು ಟಿವಿಗೆ ಜೋಡಿಸಿದ. ಅತ್ತೆ ಮುಖ ತೊಳೆದು, ಇಳಕಲ್ ಸೀರೆ ಉಟ್ಟು ಬಂದು ಕುಳಿತರು.

ಪರದೆ ತುಂಬ ಗೀರು. ರಾಜ ನಿಂತಲ್ಲೇ ನಿಂತು ಹಾಡಿದ, ಹಾಡೇ ಹಾಡಿದ. ನನಗೆ ಆಕಳಿಕೆ ಬರಬೇಕಿತ್ತು, ಬರಲಿಲ್ಲ. ಎಂಥ ಕಂಠ ಅದು! ಹಾಡು ಮುಗಿದಾಗ ಬಾಗಿಲ ಬಳಿ ಐವರು ಸಖಿಯರು ಕಂಡರು. ಒಂದೇ ಸೀರೆ, ಒಂದೇ ನತ್ತು, ಸುಣ್ಣ ಬಳಿದಂಥ ಒಂದೇ ಮುಖ.

"ಇವರಾಗ ಯಾಕಿ ನಮ್ಮವ್ವ?" ಅತ್ತೆ ಪರದೆಯತ್ತ ಬಾಗಿದರು.

"ನಡುವಿನಾಕಿನ್ನ ನೋಡ್ರಿ ಅತ್ತಿ. ಮೂಗು ಬರೋಬರ್ ನಿಮ್ಮಂಗ ಐತಿ," ಎಂದೆ.

"ಸುಳ್ಳು ಹೇಳಬ್ಯಾಡ."

ರಾಣಿ ಬಂದಳು. ಸಖಿಯರು ಒಬ್ಬೊಬ್ಬರಾಗಿ ಬಾಗಿ ಸ್ವಾಗತಿಸಿದರು. "ವಾಂಗೋ." "ವಾಂಗೋ." "ವಾಂಗೋ." "ವಾಂಗೋ." ಸಾಲಿನ ಕೊನೆಯವಳು ಗಡಿಬಿಡಿಯಲ್ಲಿ "ಬರ್ರಿ" ಅಂದುಬಿಟ್ಟಳು.

ಆಗೆಲ್ಲ ಚಿತ್ರದ ಜೊತೆಗೇ ಮಾತೂ ಅಚ್ಚಾಗುತ್ತಿತ್ತು. ಸದ್ಯ, ಆ ತಪ್ಪನ್ನು ತಿದ್ದಲು ಯಾರೂ ಹೋಗಿರಲಿಲ್ಲ.

ನಿಖಿಲ್ ಅಲ್ಲಿಗೇ ಚಿತ್ರ ನಿಲ್ಲಿಸಿದ. ಇನ್ನೂ ಇಪ್ಪತ್ತು ತುಂಬಿರದ ಹುಡುಗಿ, ನಾಲಿಗೆ ಕಚ್ಚಿಕೊಂಡು ನಿಂತಿದ್ದಳು. ಅತ್ತೆ ಎದ್ದು ಹೋಗಿ ಅವಳ ಕೆನ್ನೆಯ ಮೇಲೆ ಕೈಯಿಟ್ಟರು.

"ನಾ ನಿನಗಿಂತ ದೊಡ್ಡಾಕಿ ಆಗೇನಂತ 'ಬರ್ರಿ' ಅಂತೀಯೇನ ಯವ್ವಾ?" ಎಂದರು. "'ಬಾ' ಅನ್ನು. ಒಮ್ಮೆ 'ಬಾ' ಅನ್ನು."