ಮೂರನೇ ಸಲ ಕೂಗುವ ಮುಂಚೆ

ಗಂಟಲು ಕಟ್ಟಿದರೆ ನಾವೇನು ಮಾಡುತ್ತೇವೆ? ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸುತ್ತೇವೆ, ಎರಡು ದಿನ ಮಾತು ಕಡಿಮೆ ಮಾಡುತ್ತೇವೆ, ಆಮೇಲೆ ಮರೆತುಬಿಡುತ್ತೇವೆ. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಗುಡುಗು ಕೂಡ ಅದನ್ನೇ ಮಾಡಿದ. ಗುಡುಗು ಅನ್ನುವ ಅಡ್ಡಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಬೆಳಗ್ಗೆ ಈರುಳ್ಳಿ ಮೂಟೆಯ ಮೇಲೆ ನಿಂತು "ಒಂದನೇ ಸಲ" ಎಂದನೆಂದರೆ, ಗೇಟಿನಾಚೆ ಚಹಾ ಕುಡಿಯುತ್ತಿದ್ದವರೂ ಲೋಟ ಕೆಳಗಿಟ್ಟು ಓಡಿ ಬರುತ್ತಿದ್ದರು.

ಅಂಥ ದನಿ ಕರಕರ ಎನ್ನತೊಡಗಿತು. ಮಳೆಗಾಲ ಮುಗಿದು ಬಿಸಿಲು ಬಂದರೂ ಸರಿಹೋಗಲಿಲ್ಲ. ಅವನ ಹೆಂಡತಿ ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುವವಳು. ಬೀದಿಗೆಲ್ಲ ಅವಳು ಟೈಲರಕ್ಕ. ಒಂದು ದಿನ ಅವಳು ಮಿಷನ್ನಿಗೆ ಬಟ್ಟೆ ಮುಚ್ಚಿ, ಗಂಡನನ್ನು ಎಳೆದುಕೊಂಡೇ ದೊಡ್ಡಾಸ್ಪತ್ರೆಗೆ ಹೊರಟಳು. ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರ. ಅಲ್ಲಿ ಗಂಟಲಿನಿಂದ ಚೂರು ತೆಗೆದು ಪರೀಕ್ಷೆ ಮಾಡಿದರು. ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಇತ್ತು.

ಫಲಿತಾಂಶ ಕೇಳಲು ಹೋದ ದಿನ ಟೈಲರಕ್ಕನ ಅಣ್ಣನೂ ಜೊತೆಗೆ ಬಂದ. ಅಣ್ಣನದು ಬೀಗದ ಅಂಗಡಿ. ಊರಿಗೆಲ್ಲ ಬೀಗ ಮಾರಿದರೂ ತನ್ನ ಬಾಯಿಗೊಂದು ಹಾಕಿಕೊಳ್ಳಲು ಅವನಿಂದ ಆಗಿರಲಿಲ್ಲ. ಡಾಕ್ಟರ ಕೋಣೆಯಲ್ಲಿ ಮಾತೆಲ್ಲ ಅವನದೇ. ಗುಡುಗು ತುಟಿ ಬಿಚ್ಚಲಿಲ್ಲ. ಉಳಿದಿರುವ ಚೂರುಪಾರು ದನಿಯನ್ನು ನಾಳೆಯ ಹರಾಜಿಗೆ ಎತ್ತಿಡಬೇಕೆಂದು ಆಸ್ಪತ್ರೆಯಲ್ಲಿ ಅವನು ಯಾವತ್ತೂ ಮಾತಾಡುತ್ತಿರಲಿಲ್ಲ.

"ಧ್ವನಿಪೆಟ್ಟಿಗೆ ತೆಗೀಬೇಕಾಗುತ್ತೆ" ಎಂದರು ಡಾಕ್ಟರು. "ಆಪರೇಶನ್ ಆದ್ಮೇಲೆ ಈಗಿನ ಹಾಗೆ ಮಾತಾಡೋಕೆ ಆಗಲ್ಲ. ಆದ್ರೆ ಜೀವ ಉಳಿಯೋ ಸಾಧ್ಯತೆ ಚೆನ್ನಾಗಿದೆ. ಒಪ್ಪಿಗೆ ಇದೆಯಾ?"

"ನಮಗೇನು ಗೊತ್ತಾಗುತ್ತೆ ಡಾಕ್ಟ್ರೇ, ನಿಮಗೆ ಹೇಗೆ ಸರಿ ಕಾಣುತ್ತೋ ಹಾಗೇ ಮಾಡಿ" ಎಂದು ಅಣ್ಣ ಕೈ ಮುಗಿದುಬಿಟ್ಟ. ಮುಂದಿನ ವಾರಕ್ಕೆ ಆಪರೇಶನ್ ದಿನವೂ ನಿಗದಿಯಾಯಿತು.

ಬಸ್ಸಿನಲ್ಲಿ ಗುಡುಗು ಕಿಟಕಿಯಾಚೆ ನೋಡುತ್ತ ಕೂತಿದ್ದ. ಮನೆಗೆ ಬಂದು ಚಪ್ಪಲಿ ಬಿಟ್ಟವನೇ ಹೇಳಿದ: "ಆಪರೇಶನ್‌ಗೆ ನಾನು ಬರಲ್ಲ. ದನಿ ಇರೋವಾಗ್ಲೇ ಹೋಗ್ತೀನಿ."

ಟೈಲರಕ್ಕ ಅತ್ತಳು, ಬೈದಳು, ಊಟ ಬಿಟ್ಟಳು. ಅವನು ಜಗ್ಗಲಿಲ್ಲ. ಗಂಡ ಹೇಳಿದ್ದನ್ನು ಮಾಡುವವನು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇವನನ್ನು ಕಳೆದುಕೊಳ್ಳುತ್ತೇನೆ ಎಂಬ ಭಯ ಅವಳನ್ನು ಹಿಡಿದು ಹಿಂಡಿತು.

ದಿನವನ್ನಾದರೂ ಮುಂದಕ್ಕೆ ಹಾಕಿಸೋಣವೆಂದು ಅವಳೊಬ್ಬಳೇ ಆಸ್ಪತ್ರೆಗೆ ಹೋದಳು. ಕೌಂಟರಿನವನು ಅವಳ ಮುಖ ನೋಡಿ, "ಮೆಟ್ಟಿಲ ಪಕ್ಕದ ಕೋಣೆಯಲ್ಲಿ ರೋಗಿ ಸಹಾಯಕಿ ಇದ್ದಾರೆ, ಒಂದ್ಸಲ ಅವರ ಹತ್ರ ಮಾತಾಡಿ" ಎಂದ. ಮೂರು ಕುರ್ಚಿ, ಒಂದು ಕುಡಿಯುವ ನೀರಿನ ಜಗ್ಗು ಇದ್ದ ಚಿಕ್ಕ ಕೋಣೆ. ನಡುವಯಸ್ಸಿನ ಹೆಂಗಸು ಎದ್ದು ಬಂದು ಬಾಗಿಲು ಮುಂದೆ ಮಾಡಿ, ಟೈಲರಕ್ಕ ಹೇಳಿದ್ದಷ್ಟನ್ನೂ ಕೇಳಿಸಿಕೊಂಡಳು.

"ನಿಮ್ಮ ಯಜಮಾನ್ರು ಏನು ಕೆಲಸ ಮಾಡ್ತಾರೆ?"

"ಹರಾಜು ಕೂಗ್ತಾರೆ."

"ಡಾಕ್ಟ್ರಿಗೆ ಅದು ಗೊತ್ತಾ?"

ಟೈಲರಕ್ಕ ನೆನಪು ಮಾಡಿಕೊಂಡಳು. ಅಣ್ಣ ಮೊದಲ ದಿನ "ವ್ಯಾಪಾರ" ಎಂದು ಹೇಳಿದ್ದ. ಮಾರುಕಟ್ಟೆಯಲ್ಲಿ ಇರುವವರೆಲ್ಲ ಅವನ ಲೆಕ್ಕದಲ್ಲಿ ವ್ಯಾಪಾರದವರೇ. "ಇಲ್ಲ. ಯಾರೂ ಹೇಳಿಲ್ಲ."

"ಆಪರೇಶನ್ ಅಂದಾಗ ಅವ್ರೇನಂದ್ರು?"

"ಅವ್ರು ಇಲ್ಲಿ ಮಾತೇ ಆಡಲ್ಲ. ದನಿ ಉಳಿಸ್ತಾರೆ."

ಸಹಾಯಕಿ ಜಗ್ಗಿನಿಂದ ಒಂದು ಲೋಟ ನೀರು ಬಗ್ಗಿಸಿ ಟೈಲರಕ್ಕನ ಕೈಗೆ ಕೊಟ್ಟಳು. "ಅಂದ್ರೆ ಆ ದನಿಯಿಂದಲೇ ಅವ್ರ ಬದುಕು ಅನ್ನೋದು ಡಾಕ್ಟ್ರಿಗೆ ಗೊತ್ತಿಲ್ಲ. ನೋಡಿ ಅಕ್ಕ, ಯಾವ ಚಿಕಿತ್ಸೆ ಒಳ್ಳೇದು ಅಂತ ನಾನು ಹೇಳಲ್ಲ. ನಾನು ಡಾಕ್ಟರಲ್ಲ. ಬೇರೆ ದಾರಿ ಇರಬಹುದು, ಇಲ್ಲದೇನೂ ಇರಬಹುದು. ಆದ್ರೆ ಕೇಳೋ ಹಕ್ಕು ನಿಮಗಿದೆ. ಡಾಕ್ಟ್ರ ಹತ್ರ ಮತ್ತೊಂದ್ಸಲ ಸಮಯ ಕೇಳ್ತೀನಿ. ನಿಮ್ಮ ಜೊತೆ ನಾನೂ ಬಂದು ಕೂರ್ತೀನಿ."

ವಿಷಯ ತಿಳಿದ ಅಣ್ಣ ಮೂಗು ಮುರಿದ. "ಮಾರುಕಟ್ಟೆ ಪಕ್ಕದಲ್ಲೇ ಅಂಗಡಿ ಇಟ್ಕೊಂಡಿದೀನಿ, ನನಗೆ ದಲ್ಲಾಳಿ ಗೊತ್ತಾಗಲ್ವಾ? ಇವತ್ತು ನೀರು ಕೊಡ್ತಾಳೆ, ನಾಳೆ ಕಮಿಷನ್ ಕೇಳ್ತಾಳೆ. ಅದೂ ಅಲ್ದೆ ಡಾಕ್ಟ್ರಿಗೆ ಎದುರು ಪ್ರಶ್ನೆ ಹಾಕಿದ್ರೆ ಅವ್ರಿಗೆ ಸಿಟ್ಟು ಬರಲ್ವಾ? ನಾಳೆ ಕತ್ತಿ ಹಿಡಿಯೋರು ಅವ್ರು."

"ಸಂಬಳ ಯಾರು ಕೊಡ್ತಾರೆ ಅಂತ ಕೇಳ್ದೆ ಅಣ್ಣ. ಆಸ್ಪತ್ರೆಯೇ ಕೊಡುತ್ತಂತೆ. ನಮ್ಮಿಂದ ಒಂದು ಕಾಸೂ ಇಲ್ಲ."

"ಉಪ್ಪು ಆಸ್ಪತ್ರೆದು ಅಂದ್ಮೇಲೆ ಮಾತು ನಮ್ಮ ಪರ ಹೇಗಿರುತ್ತೆ?"

"ಬಂದು ನೀನೇ ಕೇಳು" ಎಂದಳು ಟೈಲರಕ್ಕ.

ಗಂಡನನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟದ ಕೆಲಸವಾಗಿತ್ತು. ಅವನು ಗೋಡೆಗೆ ಒರಗಿ ಕೂತಿದ್ದ. ಅವಳು ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಲೇ ಕೇಳಿದಳು: "ಹರಾಜಲ್ಲಿ ಮೂರನೇ ಸಲ ಕೂಗೋಕೆ ಮುಂಚೆ ಅಷ್ಟೊತ್ತು ಯಾಕೆ ನಿಲ್ತೀರಿ?"

"ಯಾರಾದ್ರೂ ಬಾಯಿ ಬಿಡ್ತಾರೇನೋ ಅಂತ."

"ಮೂರನೇ ಸಲ ಆದ್ಮೇಲೆ?"

"ಆಮೇಲೆ ಬಾಯಿ ಬಡ್ಕೊಂಡ್ರೂ ಮಾಲು ಸಿಗಲ್ಲ."

"ನಮಗಿನ್ನೂ ಮೂರನೇ ಸಲ ಆಗಿಲ್ಲ. ಬಂದು ಬಾಯಿ ಬಿಡಿ. ಅಷ್ಟಾದ್ಮೇಲೂ ಬೇಡ ಅಂತಿದ್ರೆ ಆಗ ಹೇಳಿ."

ಮರುದಿನ ಗುಡುಗೇ ಮೊದಲು ಚಪ್ಪಲಿ ಹಾಕಿಕೊಂಡ.

ಡಾಕ್ಟರ ಬಳಿ ಹೋಗುವ ಮುಂಚೆ ಸಹಾಯಕಿ ಮೂವರನ್ನೂ ತನ್ನ ಕೋಣೆಯಲ್ಲಿ ಕೂರಿಸಿದಳು. ಅಣ್ಣ ತನ್ನ ಪ್ರಶ್ನೆ ಕೇಳಿಯೇಬಿಟ್ಟ.

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ಒಳ್ಳೇ ಪ್ರಶ್ನೆ. ಎಲ್ಲರೂ ಕೇಳಬೇಕು. ಅದಕ್ಕೇ ನಾನು ನಿಮ್ಮ ಬದಲು ಮಾತಾಡಲ್ಲ. ನೀವು ಮಾತಾಡೋ ಹಾಗೆ ನೋಡ್ಕೋತೀನಿ, ಅರ್ಥ ಆಗದ ಮಾತು ಬಂದ್ರೆ ತಡೀತೀನಿ. ಇವತ್ತು ಮೊದಲ ಮಾತು ಯಜಮಾನ್ರದ್ದು. ಅಕ್ಕ, ಡಾಕ್ಟ್ರು ಹೇಳಿದ್ದನ್ನ ನೀವು ನಿಮ್ಮ ಮಾತಲ್ಲಿ ತಿರುಗಿ ಹೇಳಿ. ಅಣ್ಣಾವ್ರೇ, ನೀವು ಬರೀ ಕಿವಿ."

ಡಾಕ್ಟರ ಕೋಣೆಯಲ್ಲಿ ಗುಡುಗು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ದನಿ ತಗಡು ಉಜ್ಜಿದಂತೆ ಬಂತು. "ಡಾಕ್ಟ್ರೇ, ನಾನು ಹರಾಜು ಕೂಗೋನು. ಬಾಯಲ್ಲೇ ಬದುಕಿರೋದು. ದನಿ ಉಳಿಸಿ ಕಾಯಿಲೆ ತೆಗೆಯೋ ದಾರಿ ಏನಾದ್ರೂ ಇದೆಯಾ? ಇಲ್ಲಾಂದ್ರೆ ಇಲ್ಲ ಅನ್ನಿ."

ಡಾಕ್ಟರು ತಲೆಯೆತ್ತಿ ಅವನನ್ನು ಮೊದಲ ಬಾರಿಗೆ ನೋಡುವವರಂತೆ ನೋಡಿದರು. ಸ್ಕ್ಯಾನ್ ಚಿತ್ರವನ್ನು ಮತ್ತೆ ಬೆಳಕಿಗೆ ಹಿಡಿದರು. "ಇದೆ. ರೇಡಿಯೇಶನ್, ಅದರ ಜೊತೆಗೆ ಔಷಧಿ. ಏಳು ವಾರ, ವಾರದಲ್ಲಿ ಐದು ದಿನ ಬರಬೇಕು. ಗಂಟಲು ಸುಡುತ್ತೆ, ಊಟ ಸೇರಲ್ಲ, ಆಹಾರ ಕೊಡೋಕೆ ಕೊಳವೆ ಹಾಕಬೇಕಾಗಬಹುದು. ದನಿ ಮೊದಲಿನಂತೆ ಆಗುತ್ತೆ ಅಂತ ಮಾತು ಕೊಡಲ್ಲ. ಕಾಯಿಲೆ ಉಳಿದ್ರೆ ಆಗ ಆಪರೇಶನ್ನೇ ಗತಿ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಟೈಲರಕ್ಕನ ಬಾಯಿಂದ ಮಾತು ಜಾರಿತು. ಅಣ್ಣ ಕಣ್ಣು ಮುಚ್ಚಿಕೊಂಡ.

ಡಾಕ್ಟರಿಗೆ ಸಿಟ್ಟು ಬರಲಿಲ್ಲ. "ದೂರದೋರು, ಅರ್ಧಕ್ಕೆ ಬಿಡ್ತಾರೆ ಅಂದುಕೊಂಡೆ. ಅರ್ಧಕ್ಕೆ ಬಿಟ್ರೆ ಅದು ತುಂಬಾ ಅಪಾಯ. ಆದ್ರೂ ನಾನು ಕೇಳಬೇಕಿತ್ತಮ್ಮ."

"ಈಗ ನೀವು ತಿರುಗಿ ಹೇಳಿ ಅಕ್ಕ" ಎಂದಳು ಸಹಾಯಕಿ.

ಟೈಲರಕ್ಕ ಬೆರಳು ಮಡಚುತ್ತ ಹೇಳಿದಳು: "ಏಳು ವಾರ ಬರಬೇಕು. ಬಸ್ಸು ತಪ್ಪಿದ ದಿನದ್ದು ಕೊನೇಲಿ ಸೇರಿಸಿ ಮುಗಿಸಬಹುದು."

"ಅದೊಂದು ತಪ್ಪು" ಎಂದರು ಡಾಕ್ಟರು. "ತಪ್ಪಿಸಲೇಬಾರದು. ಮಧ್ಯೆ ಬಿಟ್ರೆ ಕಾಯಿಲೆ ಮತ್ತೆ ಬೆಳೆಯುತ್ತೆ." ತಿರುಗಿ ಹೇಳದೆ ಇದ್ದಿದ್ದರೆ ಈ ತಪ್ಪು ಅವಳ ತಲೆಯಲ್ಲೇ ಉಳಿದು ಮನೆಗೆ ಬರುತ್ತಿತ್ತು.

ಗುಡುಗು ರೇಡಿಯೇಶನ್ನಿಗೆ ಒಪ್ಪಿದ, ಆಪರೇಶನ್ ದಿನ ರದ್ದಾಯಿತು. ಆಸ್ಪತ್ರೆಯ ಹಿಂದೆ ದೂರದ ರೋಗಿಗಳು ಉಳಿಯುವ ವಸತಿ ಇತ್ತು. ಅಂಥದ್ದೊಂದು ಇದೆಯೆಂದೇ ಇವರಿಗೆ ಗೊತ್ತಿರಲಿಲ್ಲ. ಸಹಾಯಕಿ ಅಲ್ಲಿ ಒಂದು ಕೋಣೆ ಕೊಡಿಸಿದಳು. ಟೈಲರಕ್ಕ ಹೊಲಿಗೆ ಮಿಷನ್ನನ್ನೂ ಅಲ್ಲಿಗೇ ಸಾಗಿಸಿದಳು. ಐದನೆಯ ವಾರದಲ್ಲಿ ಗುಡುಗಿಗೆ ನೀರೂ ಇಳಿಯದಾಯಿತು. "ಸಾಕು, ಮನೆಗೆ ಹೋಗೋಣ" ಎಂದು ಸನ್ನೆ ಮಾಡಿದ. ಆಗ ಸಹಾಯಕಿ ನೋವು ಕಡಿಮೆ ಮಾಡುವ ಡಾಕ್ಟರನ್ನು ಕರೆತಂದಳು. ಅವರು ಕೊಟ್ಟ ಔಷಧಿಯಿಂದ ಎರಡು ದಿನಕ್ಕೆ ಗಂಜಿ ಇಳಿಯಿತು. ಏಳು ವಾರ ಹಲ್ಲು ಕಚ್ಚಿ ಮುಗಿಸಿದ.

ತಿಂಗಳುಗಳ ಮೇಲೆ ಪರೀಕ್ಷೆ ಮಾಡಿದಾಗ ಕಾಯಿಲೆ ಕಾಣಲಿಲ್ಲ. ಇನ್ನೂ ತಪಾಸಣೆಗೆ ಹೋಗುತ್ತಲೇ ಇರಬೇಕು, ಹೋಗುತ್ತಿದ್ದಾರೆ.

ಅವನು ಮತ್ತೆ ಮೂಟೆ ಹತ್ತಿದ ಬೆಳಗ್ಗೆ ಟೈಲರಕ್ಕ ಮಾರುಕಟ್ಟೆಯ ಕಂಬದ ಮರೆಯಲ್ಲಿ ನಿಂತಿದ್ದಳು. "ಒಂದನೇ ಸಲ" ಎಂದ. ದನಿಯಲ್ಲಿ ಹಳೆಯ ಗುಡುಗು ಇರಲಿಲ್ಲ. ತಗ್ಗಿದ, ಒರಟಾದ, ಆದರೆ ಅವನದೇ ಆದ ದನಿ. ತಳ್ಳಾಡುತ್ತಿದ್ದ ಕೊಳ್ಳುವವರು ಹತ್ತಿರ ಸರಿದು, ಒಬ್ಬರಿಗೊಬ್ಬರು ಸುಮ್ಮನಿರುವಂತೆ ಹೇಳಿ ಕಿವಿಗೊಟ್ಟರು. ಅಷ್ಟು ದೊಡ್ಡ ಮಾರುಕಟ್ಟೆ ಅಷ್ಟು ನಿಶ್ಶಬ್ದವಾದದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ಬೀಗದಂಗಡಿಗೆ ಯಾರಾದರೂ ಬಂದು "ನಮ್ಮನೇಲಿ ಹುಷಾರಿಲ್ಲ" ಎಂದರೆ ಅಣ್ಣ ಮೊದಲು ಕೇಳುವುದೇ, "ರೋಗಿ ಬಾಯಿ ಬಿಟ್ಟಿದ್ದಾರಾ, ಇಲ್ಲಾ ನೀವೇ ಮಾತಾಡ್ತಿದೀರಾ?"

ಬಂಧುಗಳೇ, ಇದನ್ನು ಓದುವ, ಕೇಳುವ ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇಂದು ಇಂಥ ಕಾಯಿಲೆ ಇರಬಹುದು. ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ ತೋರಿಸಿಕೊಳ್ಳಿ. ನಿಮ್ಮ ಆಸ್ಪತ್ರೆಯಲ್ಲಿ ರೋಗಿ ಸಹಾಯಕರು ಇದ್ದಾರೆಯೇ ಎಂದು ವಿಚಾರಿಸಿ. ಅವರಿಗೆ ಸಂಬಳ ಯಾರು ಕೊಡುತ್ತಾರೆಂದು ಸಂಕೋಚವಿಲ್ಲದೆ ಕೇಳಿ. ಅಂಥವರು ಇಲ್ಲದಿದ್ದರೆ ನಂಬಿಕೆಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನೀವು ಯಾರು, ಏನು ಮಾಡುತ್ತೀರಿ, ಯಾವುದು ಕಳೆದುಹೋದರೆ ನಿಮಗೆ ಬದುಕೇ ಬೇಡವೆನಿಸುತ್ತದೆ, ಅದನ್ನು ಡಾಕ್ಟರಿಗೆ ಹೇಳಿ. ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ಮೂರನೇ ಸಲ ಕೂಗುವ ಮುಂಚೆ ಬಾಯಿ ಬಿಡಿ.