ಖಾಲಿ ಮರಳದ ಡಬ್ಬಿಗಳು

ಹೋಗುತ್ತೇವೆ ಎಂದರೆ ಸಾಲದು, ಹೋಗುತ್ತೇವೆ ಎಂಬುದಕ್ಕೆ ಪುರಾವೆ ಕೊಡಿ ಎಂದು ಕೆನಡಾದ ಕಚೇರಿಯವರು ಬರೆದಿದ್ದರು. ಕಾಶವ್ವನಿಗೆ ಇದು ವಿಚಿತ್ರವೆನಿಸಿತು. ಬಂದವರ ಹತ್ತಿರ ಪುರಾವೆ ಕೇಳಲಿ; ಇನ್ನೂ ಹೊರಡದವರ ಹತ್ತಿರ ಕೇಳುವುದೇನು?

ಆದರೆ ಅವರ ಅನುಮಾನವೂ ಸುಳ್ಳಲ್ಲ. ಅವಳ ಗಂಡ ಚಂದ್ರಾಮ ಅಲ್ಲಿ ಏಳು ವರ್ಷ ವೆಲ್ಡಿಂಗ್ ಕೆಲಸ ಮಾಡಿ, ಅಲ್ಲಿಯ ಪ್ರಜೆಯೇ ಆಗಿ, ೧೯೭೫ರಲ್ಲಿ ತಾಯಿ ಹಾಲವ್ವನಿಗೆ ಕಾಯಿಲೆ ಎಂಬ ತಂತಿ ಬಂದದ್ದೇ ವಡಾಲದ ಚಾಳಿಗೆ ಓಡಿ ಬಂದವನು. ತಾಯಿ ಚೇತರಿಸಿಕೊಂಡಳು, ಮಗನ ಮದುವೆ ಮಾಡಿದಳು, ಮಗ ಇಲ್ಲೇ ಉಳಿದ. ಮೂರು ವರ್ಷವಾಯಿತು. ಈಗ ಕಾಶವ್ವನಿಗೆ ಅಲ್ಲಿ ಕಾಯಂ ನೆಲೆಸಲು ಅನುಮತಿ ಬೇಕಾದರೆ, ಗಂಡನೂ ಅವಳ ಜೊತೆ ಮರಳಿ ಅಲ್ಲೇ ಬಾಳುತ್ತಾನೆ ಎಂಬುದು ಖಾತ್ರಿಯಾಗಬೇಕಂತೆ. ಹಳೆಯ ಕಾರ್ಖಾನೆಯಿಂದ ಕೆಲಸದ ಕಾಗದ ಬಂತು, ಗೆಳೆಯನಿಂದ ಬಾಡಿಗೆ ಮನೆಯ ಕಾಗದವೂ ಬಂತು. ಹಾಲವ್ವ ಮಾತ್ರ ತಿಂಗಳಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅವಳು ಹೂಂ ಎನ್ನದೆ ಚಂದ್ರಾಮ ಹೆಜ್ಜೆ ಕೀಳುವವನಲ್ಲ ಎಂಬುದು ಕಾಶವ್ವನಿಗೆ ಚೆನ್ನಾಗಿ ಗೊತ್ತಿತ್ತು.

ಆ ಕಚೇರಿಯ ಸಾಹೇಬನೊಬ್ಬ ಮನೆಗೇ ಬಂದು ನೋಡುತ್ತಾನೆಂದು ತಿಳಿದಾಗ ಕಾಶವ್ವ ಸೆರಗು ಕಟ್ಟಿ ನಿಂತಳು. ಡಬ್ಬಿ, ಬೋಗುಣಿ, ಕೊಡ ಎಲ್ಲವನ್ನೂ ಚಾಳಿನ ಹೆಂಗಸರಿಗೆ ಹಂಚಿಬಿಟ್ಟಳು. ಗೋಡೆಯ ಮಾಡ ಬರಿದಾದದ್ದಕ್ಕಿಂತ ದೊಡ್ಡ ಪುರಾವೆ ಯಾವುದಿದೆ?

ಆ ದಿನ ಸಾಹೇಬನಿಗೆಂದು ಮಾಟುಂಗದಿಂದ ಕಾಫಿಪುಡಿ ತರಲು ಹೋದವಳು ಮರಳುವಷ್ಟರಲ್ಲಿ ಅವನು ಬಂದು ಕುರ್ಚಿಯಲ್ಲಿ ಕುಳಿತಾಗಿತ್ತು. ಮಾಡದ ತುಂಬ ಅವಳದೇ ಪಾತ್ರೆಗಳು ಫಳಫಳ ಹೊಳೆಯುತ್ತಿದ್ದವು!

ಬಾಗಿಲಲ್ಲಿ ನಿಂತಿದ್ದ ನೆರೆಮನೆಯ ರುಕ್ಮಿಣಿಬಾಯಿ ಹೆಮ್ಮೆಯಿಂದ ಪಿಸುಗುಟ್ಟಿದಳು: "ದೊಡ್ಡ ಮನಷ್ಯಾ ಬರೋ ಮನಿ ಬೋಳಬೋಳ ಇದ್ರ ನಮ್ಮ ಮರ್ವಾದಿ ಏನ್ ಉಳೀತೈತಿ? ಎಲ್ಲಾರೂ ಕೂಡಿ ತಂದಿಟ್ಟೇವಿ."

ಸಾಹೇಬ ಮಾಡದತ್ತ ನೋಡಿ ಏನೋ ಕೇಳಿದ. ಚಂದ್ರಾಮನ ಮುಖ ಸಪ್ಪಗಾಯಿತು. "ಇಷ್ಟು ಸಂಸಾರ ಹೂಡಿದವ್ರು ಹೋಗೂದು ಖರೇನ ಏನು ಅಂತ ಕೇಳಾಕತ್ತಾರ."

ಕಾಶವ್ವನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಒಂದು ಡಬ್ಬಿಯನ್ನು ಎತ್ತಿ ಹೊರಗಿಡಲು ಹೋದಳು. ಅದು ಭಾರವಾಗಿತ್ತು. ಮುಚ್ಚಳ ತೆಗೆದರೆ ಶೇಂಗಾ ಹಿಂಡಿ. ಇನ್ನೊಂದರಲ್ಲಿ ಖಡಕ್ ರೊಟ್ಟಿ, ಮತ್ತೊಂದರಲ್ಲಿ ಅಗಸಿ ಚಟ್ನಿ. ತೆಗೆದುಕೊಂಡ ಪಾತ್ರೆಯನ್ನು ಖಾಲಿ ಮರಳಿಸುವ ರೂಢಿ ಆ ಚಾಳಿನಲ್ಲಿ ಇರಲಿಲ್ಲ. ತುಂಬಿದ್ದೆಲ್ಲ ದೂರದ ದಾರಿಗೆ ಕಟ್ಟುವ ಬುತ್ತಿಯೇ.

ಕೊನೆಗೆ ಸಿಕ್ಕಿದ್ದು ಹಿತ್ತಾಳೆಯ ಡಬ್ಬಿ. ಅದು ಅವಳದಲ್ಲ, ಅತ್ತೆಯದು. ಒಳಗೆ ಬೆಲ್ಲ ಬೆರೆಸಿದ ಗೋದಿಯ ಮಾದಲಿ, ಘಮ್ಮೆನ್ನುವ ಏಲಕ್ಕಿ.

ಮೂಲೆಯಲ್ಲಿ ಕುಳಿತಿದ್ದ ಹಾಲವ್ವ ತಿಂಗಳ ಮೇಲೆ ಬಾಯಿ ಬಿಟ್ಟಳು. "ಸಾಹೇಬ್ರಿಗೆ ಹೇಳೋ ಚಂದ್ರೂ. ತಂತಿ ಕೊಟ್ಟು ಬಾ ಅಂದಾಕಿ ನಾನ. ಹೋಗು ಅನ್ನಬೇಕಾದಾಕಿನೂ ನಾನ. ನಿನ್ನ ಅಕ್ಕ ಮಲ್ಲಕ್ಕ ಎದರಗಿನ ಖೋಲ್ಯಾಗ ಅದಾಳ, ನನ್ನ ಚಿಂತಿ ಬ್ಯಾಡ. ಮಾದಲಿ ತಿಂಗಳತನಾ ಕೆಡದಂಗ ಮಾಡೀನಿ."

ಚಂದ್ರಾಮ ಸಾಹೇಬನನ್ನು ಬಿಟ್ಟು ತಾಯಿಯ ಕಡೆಗೇ ತಿರುಗಿದ. ಸಾಹೇಬ ಪೆನ್ನು ಹಿಡಿದು ಕಾಯುತ್ತಿದ್ದ. "ಹೇಳೋ!" ಎಂದು ತಾಯಿ ಗದರಿದಳು. ಏಳು ವರ್ಷ ಇಂಗ್ಲಿಷಿನಲ್ಲೇ ಬದುಕಿದವನಿಗೆ ಆಗ ಒದಗಿದ್ದು ಇಷ್ಟೇ:

"ಮದರ್ ಸೇಸ್... ಗೋ."

ಸಾಹೇಬ ಒಂದು ಚಿಟಿಕೆ ಮಾದಲಿ ಬಾಯಿಗೆ ಹಾಕಿಕೊಂಡ. ಕಾಗದದ ಮೇಲೆ ಒಂದು ಸಾಲು ಬರೆದು, ಇಷ್ಟು ಸಾಕೆಂಬಂತೆ ಚಂದ್ರಾಮನ ಕೈ ಕುಲುಕಿದ. ಅವನೇನು ಬರೆದನೆಂದು ಕಾಶವ್ವ ಕೇಳಲಿಲ್ಲ. ತಿಂಗಳಿಡೀ ಹೋಗಲೆಂದು ಹೆಣಗಿದವಳಿಗೆ ಹೋಗುವುದು ನಿಜವೆಂದು ಗೊತ್ತಾದದ್ದು ಈಗಲೇ. ಹಿತ್ತಾಳೆಯ ಡಬ್ಬಿಯನ್ನು ಎದೆಗವಚಿಕೊಂಡು ಅತ್ತೆಯ ಪಕ್ಕ ಕುಸಿದು ಕುಳಿತಳು.

"ಈ ಡಬ್ಬಿ ನಿಮಗ ಹೆಂಗ ತಿರಿಗಿ ಕೊಡ್ಲಿ ಅತ್ತೀ?" ಎಂದು ಕೇಳಿ, ಗೊಳೋ ಎಂದು ಅತ್ತಳು.